ಹಾಫೆಲ್ ನದಿಯ ರೋಬ್ಲಿನ್ ಕೆರೆಯಲ್ಲಿ ದೋಣಿ ನಡೆಸುವುದು ಹೇಗೆ

ಬರ್ಲಿನ್‌ನಿಂದ ಉತ್ತರಕ್ಕೆ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ ಹೋದರೆ ಫ್ಯೂರ್ಸ್ಟೆನ್‌ಬೆರ್ಗ್ ಅನ್ನುವ ಪುಟ್ಟ ಊರು ಸಿಗುತ್ತದೆ. ಊರನ್ನು ಸುತ್ತಿಕೊಂಡು ಮೂರು ಕೆರೆಗಳಿವೆ. ಪಶ್ಚಿಮಕ್ಕೆ ರೋಬ್ಲಿನ್, ಪೂರ್ವದ ಕಡೆ ಬಾಲೆನ್ ಮತ್ತು ಶ್ವೇಟ್. ಮೂರನ್ನೂ ಸೇರಿಸುವುದು ಹಾಫೆಲ್ ನದಿ. ಈ ನದಿ ಮೆಕ್ಲೆನ್‌ಬುರ್ಗ್‌ನಲ್ಲಿ ಹುಟ್ಟಿ, ಬರ್ಲಿನ್‌ಗೆ ಇಳಿದು, ಅಲ್ಲಿ ಶ್ಪ್ರೇ ನದಿಯನ್ನು ಜೊತೆಗೆ ಕರೆದುಕೊಂಡು ಕೊನೆಗೆ ಎಲ್ಬೆಗೆ ಸೇರುತ್ತದೆ. 300 ಕಿಲೋಮೀಟರಿಗಿಂತ ಜಾಸ್ತಿ ಉದ್ದ ಇದ್ದರೂ ಹುಟ್ಟಿದಲ್ಲಿಂದ ಸೇರುವಲ್ಲಿಗೆ ಇಳಿಯುವುದು ಬರೀ 40 ಮೀಟರ್ ಆಸುಪಾಸು. ಅಂದರೆ ಸೆಳವು ಅನ್ನುವಂಥದ್ದು ಇಲ್ಲವೇ ಇಲ್ಲ ಅನ್ನಬಹುದು. ದೋಣಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ನೀರು ಬೇಕಾ?

ಜರ್ಮನಿಯಲ್ಲಿ ದೋಣಿ ಅಂದ ಕೂಡಲೇ ಎಲ್ಲರೂ ಮ್ಯುರಿಟ್ಸ್ ಕಡೆ ಓಡುತ್ತಾರೆ. ಪೂರ್ತಿಯಾಗಿ ಜರ್ಮನಿಯೊಳಗೇ ಇರುವ ಕೆರೆಗಳಲ್ಲಿ ಅದೇ ದೊಡ್ಡದು, ನಿಜ. ಆದರೆ ಅಲ್ಲಿ ಗಾಳಿ ಎದ್ದರೆ ಹೊಸಬರು ದಡದಲ್ಲೇ ಕೂರಬೇಕಾಗುತ್ತದೆ. ನನ್ನನ್ನು ಕೇಳಿದರೆ ಮೊದಲು ರೋಬ್ಲಿನ್‌ನಂಥ ಸಣ್ಣ ಕೆರೆಗೆ ಬನ್ನಿ. ಎಲ್ಲಿ ನಿಂತರೂ ಎದುರು ದಡ ಕಾಣಿಸುತ್ತದೆ, ಊರು ಪಕ್ಕದಲ್ಲೇ ಇದೆ, ನದಿಯ ಮೇಲ್ಗಡೆ ಒಂದು ಲಾಕ್ (ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸುವ, ಇಳಿಸುವ ಬಾಗಿಲಿನ ತೊಟ್ಟಿ), ಕೆಳಗಡೆ ಇನ್ನೊಂದು ಲಾಕ್. ಕಲಿಯಬೇಕಾದ್ದೆಲ್ಲ ಒಂದೇ ಜಾಗದಲ್ಲಿ ಸಿಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆರೆಯ ನಡುವೆ ಯಾರಿಗೂ ತೊಂದರೆ ಆಗುವುದಿಲ್ಲ. ಆಗುವುದೆಲ್ಲ ಅಂಚಿನಲ್ಲಿ. ಲಾಕಿನ ಗೋಡೆ, ಜೆಟ್ಟಿ (ದೋಣಿ ಕಟ್ಟುವ ಕಟ್ಟೆ), ಜೊಂಡು, ಕಡಿಮೆ ನೀರಿನ ಜಾಗ. ಹಾಗಾಗಿ ಕೆಳಗೆ ಬರೆದಿರುವುದರಲ್ಲಿ ಜಾಸ್ತಿ ಪಾಲು ಅಂಚಿನದ್ದೇ.

ಯಾವ ದೋಣಿ, ಯಾವ ಕಾಗದ

ಕಾರಿನ ಲೈಸೆನ್ಸ್ ಇಲ್ಲಿ ಲೆಕ್ಕಕ್ಕಿಲ್ಲ. ದೋಣಿಗೆ ಬೇರೆ ನಿಯಮ. ಹುಟ್ಟು ಹಾಕುವ ಕಯಾಕ್, ಕನೂ, ನಿಂತು ಹೋಗುವ ಹಲಗೆ ಇವಕ್ಕೆ ಯಾವ ಲೈಸೆನ್ಸೂ ಬೇಡ. ಮೋಟರ್ ದೋಣಿಯಾದರೆ 15 ಕುದುರೆಶಕ್ತಿಯ ತನಕ, ಉದ್ದ 20 ಮೀಟರಿಗಿಂತ ಕಡಿಮೆ ಇದ್ದರೆ, ಇಲ್ಲಿ ಲೈಸೆನ್ಸ್ ಇಲ್ಲದೆ ಓಡಿಸಬಹುದು. ಕುದುರೆಶಕ್ತಿಯ ಈ ಸಡಿಲಿಕೆ ಬಂದದ್ದು 2012ರಲ್ಲಿ, ಅದಕ್ಕೂ ಮುಂಚೆ ಮಿತಿ ಬರೀ 5 ಕುದುರೆಶಕ್ತಿ ಇತ್ತು. ರೈನ್ ನದಿಯಲ್ಲಿ ಈಗಲೂ ಅದೇ ಹಳೆಯ ಮಿತಿ. ಹಾಗಾಗಿ ಇಲ್ಲಿ ಓಡಿಸಿದ ಧೈರ್ಯದಲ್ಲಿ ಅಲ್ಲಿ ಹೋಗಿ ಸಿಕ್ಕಿಹಾಕಿಕೊಳ್ಳಬೇಡಿ. ಮೋಟರ್ ಹಿಡಿಯುವವರಿಗೆ ಕನಿಷ್ಠ 16 ವರ್ಷ ಆಗಿರಬೇಕು. ಬಾಡಿಗೆ ಕೊಡುವವರು ಇದಕ್ಕಿಂತ ಜಾಸ್ತಿ ವಯಸ್ಸು ಕೇಳುವುದೂ ಇದೆ.

ಮನೆದೋಣಿ ಬೇಕು, ಮೋಟರ್ ದೊಡ್ಡದು, ಲೈಸೆನ್ಸ್ ಇಲ್ಲ ಅಂದರೆ ಅದಕ್ಕೂ ದಾರಿ ಇದೆ. ಚಾರ್ಟರ್ ಪ್ರಮಾಣಪತ್ರ ಅಂತ ಕೊಡುತ್ತಾರೆ. ಬಾಡಿಗೆ ಕಂಪನಿಯವರೇ ಕನಿಷ್ಠ ಮೂರು ಗಂಟೆ ಪಾಠ ಮಾಡಿ, ದೋಣಿ ಓಡಿಸಿ ತೋರಿಸಿ, ನಿಮ್ಮ ಕೈಯಲ್ಲೂ ಓಡಿಸಿ ಒಂದು ಕಾಗದ ಕೊಡುತ್ತಾರೆ. ಅದು ಆ ದೋಣಿಗೆ, ಆ ಬಾಡಿಗೆ ಅವಧಿಗೆ, ಗೊತ್ತುಮಾಡಿದ ನೀರಿಗೆ ಮಾತ್ರ. ದೋಣಿ 15 ಮೀಟರ್ ಒಳಗಿರಬೇಕು, 12 ಜನಕ್ಕಿಂತ ಜಾಸ್ತಿ ಹತ್ತಬಾರದು, ಗಂಟೆಗೆ 12 ಕಿಲೋಮೀಟರ್ ಮೀರಬಾರದು. ಹಾಫೆಲ್‌ನ ಈ ಮೇಲ್ಭಾಗದಲ್ಲಿ ಇದು ನಡೆಯುತ್ತದೆ, ಬರ್ಲಿನ್ ಪಟ್ಟಣದೊಳಗೆ ನಡೆಯುವುದಿಲ್ಲ. ಆ ಮೂರು ಗಂಟೆಯ ಪಾಠವನ್ನು ಬೇಗ ಮುಗಿಸಿ ಅಂತ ಕೆಲವರು ಅವಸರ ಮಾಡುತ್ತಾರೆ. ದಯವಿಟ್ಟು ಬೇಡ. ಜೆಟ್ಟಿಗೆ ಹಚ್ಚುವುದನ್ನು ಇನ್ನೊಂದು ಸಲ ಮಾಡಿಸಿ ಅಂತ ನೀವೇ ಕೇಳಿ, ದುಡ್ಡು ಕೊಟ್ಟಿದ್ದೀರಿ.

ಸ್ವಂತ ಗಾಳಿ ತುಂಬುವ ಕಯಾಕ್ ಹೊತ್ತುಕೊಂಡು ರೈಲಿನಲ್ಲಿ ಬರುವವರಿಗೆ ಒಂದು ವಿಷಯ. ಸರ್ಕಾರಿ ಜಲಮಾರ್ಗದಲ್ಲಿ ಹುಟ್ಟಿನ ದೋಣಿಗೂ ಗುರುತು ಬೇಕು. ದೋಣಿಯ ಹೊರಗೆ ಅದರ ಹೆಸರು, ಒಳಗೆ ಎಲ್ಲಾದರೂ ಮಾಲೀಕರ ಹೆಸರು ಮತ್ತು ವಿಳಾಸ. ಬಟ್ಟೆಯ ಮೇಲೆ ಅಳಿಸದ ಮಾರ್ಕರ್‌ನಲ್ಲಿ ಬರೆದರೂ ಆಗುತ್ತದೆ. ಜಲ ಪೊಲೀಸರು ಇದನ್ನು ನೋಡುತ್ತಾರೆ. ಹೆಸರು ಏನು ಬೇಕಾದರೂ ಇಡಿ, ಕನ್ನಡ ಹೆಸರೇ ಇಡಿ, ಅಕ್ಷರ ಮಾತ್ರ ಅವರಿಗೆ ಓದಲು ಬರುವ ಲಿಪಿಯಲ್ಲಿರಲಿ.

ಕುಡಿದು ಓಡಿಸುವ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ರಸ್ತೆಯಲ್ಲಿರುವ ಹಾಗೆ ನೀರಿನಲ್ಲೂ ರಕ್ತದಲ್ಲಿರುವ ಮದ್ಯದ ಮಿತಿ ಸಾವಿರಕ್ಕೆ 0.5. ಸುತ್ತ ಎಲ್ಲರ ಕೈಯಲ್ಲೂ ಬಿಯರ್ ಬಾಟಲಿ ಕಾಣುತ್ತದೆ, ನಿಜ. ಚುಕ್ಕಾಣಿ ಹಿಡಿದವರ ಕೈಯಲ್ಲಿ ಇದೆಯಾ ನೋಡಿ.

ಹೋಗುವುದು ಯಾವಾಗ, ಹೇಗೆ

ಏಪ್ರಿಲ್‌ನಿಂದ ಅಕ್ಟೋಬರ್ ತನಕ ಸೀಸನ್. ಜುಲೈ, ಆಗಸ್ಟ್‌ನಲ್ಲಿ ಶಾಲೆಗಳಿಗೆ ರಜೆ, ಲಾಕ್ ಮುಂದೆ ಸಾಲು. ಆಗ ಎರಡು ಕಿಲೋಮೀಟರ್ ನೀರಿಗೆ ಎರಡು ಗಂಟೆ ಕಾದರೂ ಆಶ್ಚರ್ಯ ಇಲ್ಲ. ಆಗುವುದಾದರೆ ಮೇ ಕೊನೆ, ಜೂನ್ ಅಥವಾ ಸೆಪ್ಟೆಂಬರ್ ಮೊದಲ ವಾರಗಳನ್ನು ಆರಿಸಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯಾದರೂ ಬೆಳಕಿರುತ್ತದೆ, ಅವಸರ ಬೇಡ. ಸೆಪ್ಟೆಂಬರ್‌ನಲ್ಲಿ ನೀರು ಇನ್ನೂ ಬೆಚ್ಚಗಿರುತ್ತದೆ, ಜನ ಕಡಿಮೆ. ಸೊಳ್ಳೆಯೂ ಕಡಿಮೆ ಅಂತ ಹೇಳುತ್ತಾರೆ. ನನಗೇನೂ ಹಾಗೆ ಅನ್ನಿಸಿಲ್ಲ.

ಬರ್ಲಿನ್‌ನಿಂದ ಆರ್‌ಇ5 ರೈಲು ನೇರವಾಗಿ ಫ್ಯೂರ್ಸ್ಟೆನ್‌ಬೆರ್ಗ್‌ನಲ್ಲಿ ನಿಲ್ಲುತ್ತದೆ. ಡಾಯ್ಚ್‌ಲಾಂಡ್ ಟಿಕೆಟ್ (ದೇಶದ ಸ್ಥಳೀಯ ರೈಲು, ಬಸ್ಸಿಗೆಲ್ಲ ನಡೆಯುವ ತಿಂಗಳ ಪಾಸು) ಇದ್ದರೆ ಬೇರೆ ಟಿಕೆಟ್ ಬೇಡ. ಈ ಮಾರ್ಗದಲ್ಲಿ ಹಳಿ ಕೆಲಸ ಆಗಾಗ ಇರುತ್ತದೆ, ಹಾಗಾಗಿ ಹೊರಡುವ ಹಿಂದಿನ ರಾತ್ರಿ ಆ್ಯಪ್ ನೋಡಿಕೊಳ್ಳಿ. ಇನ್ನೊಂದು, ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ. ಜರ್ಮನಿಯಲ್ಲಿ ಇರುವವರಿಗೆ ಇದು ಗೊತ್ತು, ಆದರೂ ರಜೆಯ ಗುಂಗಿನಲ್ಲಿ ಮರೆತುಹೋಗುತ್ತದೆ. ತಿಂಡಿ, ನೀರು ಶನಿವಾರವೇ ತಂದಿಟ್ಟುಕೊಳ್ಳಿ. ಸ್ವಲ್ಪ ಚಿಲ್ಲರೆ ನಾಣ್ಯವೂ ಇರಲಿ, ದೋಣಿ ನಿಲ್ಲಿಸುವ ಜಾಗಗಳಲ್ಲಿ ಸ್ನಾನಕ್ಕೆ, ಕರೆಂಟಿಗೆ ನಾಣ್ಯ ಹಾಕುವ ಡಬ್ಬಿ ಇನ್ನೂ ಎಷ್ಟೋ ಕಡೆ ಇದೆ.

ಹೊರಡುವ ಮುಂಚೆ

ದೋಣಿ ಕೈಗೆ ಬಂದ ಕೂಡಲೇ ಸುತ್ತ ಫೋಟೋ ತೆಗೆಯಿರಿ. ಹಳೆಯ ಗೀರು, ಒಡೆದ ಮೂಲೆ, ಮೋಟರಿನ ರೆಕ್ಕೆಯ ಅಂಚು, ಎಲ್ಲ. ಡೆಪಾಸಿಟ್ ದುಡ್ಡು ಸಾಮಾನ್ಯವಾಗಿ ನೂರಾರು ಯುರೋ ಇರುತ್ತದೆ, ಸಂಜೆ ಮಾತು ಬೆಳೆಯುವುದಕ್ಕಿಂತ ಬೆಳಿಗ್ಗೆ ಹತ್ತು ಫೋಟೋ ವಾಸಿ. ಆಮೇಲೆ ಹಗ್ಗ ನೋಡಿ. ಮುಂದೆ ಒಂದು, ಹಿಂದೆ ಒಂದು ಬೇಕೇ ಬೇಕು, ಅದೂ ದೋಣಿಯಷ್ಟಾದರೂ ಉದ್ದ. ಲೈಫ್ ಜಾಕೆಟ್ ಎಲ್ಲರ ಅಳತೆಗೂ ಇದೆಯಾ ಅಂತ ಹಾಕಿಸಿ ನೋಡಿ. ಈಜು ಬಾರದವರು, ಮಕ್ಕಳು ಅದನ್ನು ಬಿಚ್ಚುವ ಮಾತೇ ಇಲ್ಲ. ತುರ್ತು ಫೋನ್ 112. ದೂರವಾಣಿಯಲ್ಲಿ ಎಲ್ಲಿದ್ದೀರಿ ಅಂತ ಹೇಳಲು ಕೆರೆಯ ಹೆಸರು ಮತ್ತು ಹತ್ತಿರದ ಲಾಕಿನ ಹೆಸರು ಗೊತ್ತಿರಲಿ. ರೋಬ್ಲಿನ್‌ನ ಮೇಲಿನ ಲಾಕ್ ಶ್ಟೈನ್‌ಹಾಫೆಲ್, ಕೆಳಗಿನದು ಫ್ಯೂರ್ಸ್ಟೆನ್‌ಬೆರ್ಗ್.

ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ನೋಡದೆ ಹಗ್ಗ ಬಿಚ್ಚಬೇಡಿ. ಮನೆದೋಣಿ ಅಂದರೆ ನೀರಿನ ಮೇಲೆ ನಿಂತ ದೊಡ್ಡ ಪೆಟ್ಟಿಗೆ, ಅದರ ಅಗಲ ಗೋಡೆಗೆ ಗಾಳಿ ತಾಗಿದರೆ ನೀವು ಚುಕ್ಕಾಣಿ ಎತ್ತ ತಿರುಗಿಸಿದರೂ ಅದು ತನ್ನ ದಾರಿ ತಾನು ಹಿಡಿಯುತ್ತದೆ. ಹುಟ್ಟಿನ ದೋಣಿಯವರಾದರೆ ಮೊದಲು ಗಾಳಿಗೆ ಎದುರಾಗಿ ಹೋಗಿ. ವಾಪಸು ಬರುವಾಗ ತೋಳು ಸೋತಿರುತ್ತದೆ, ಆಗ ಗಾಳಿ ಹಿಂದಿನಿಂದ ತಳ್ಳಲಿ.

ಕೆರೆಯ ಮೇಲೆ

ಕೆಂಪು, ಹಸಿರು ಬಣ್ಣದ ಬೋಯ್‌ಗಳು ತೇಲುತ್ತಿರುತ್ತವೆ. ಅವುಗಳ ನಡುವಿನದೇ ದೋಣಿ ದಾರಿ. ನದಿ ಹರಿಯುವ ದಿಕ್ಕಿಗೆ ಮುಖ ಮಾಡಿ ಹೋಗುವಾಗ ಕೆಂಪು ನಿಮ್ಮ ಬಲಕ್ಕೆ, ಹಸಿರು ಎಡಕ್ಕೆ. ಎದುರು ದಿಕ್ಕಿಗೆ ಹೋದರೆ ಅದಲುಬದಲು. ಕೆರೆಯಲ್ಲಿ ನೀರು ಎತ್ತ ಹರಿಯುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಅದೇ ಗೊಂದಲ. ಸುಲಭ ದಾರಿ ಇಷ್ಟೇ: ಫ್ಯೂರ್ಸ್ಟೆನ್‌ಬೆರ್ಗ್ ಊರಿನ ಕಡೆಗೆ ಹೋದರೆ ಹರಿವಿನ ಜೊತೆ, ಶ್ಟೈನ್‌ಹಾಫೆಲ್ ಕಡೆಗೆ ಹೋದರೆ ಹರಿವಿಗೆ ಎದುರು. ಬೋಯ್‌ಗಳ ಆಚೆ ನೀರು ಥಟ್ಟನೆ ಕಡಿಮೆ ಆಗಬಹುದು, ಕಲ್ಲೂ ಇರಬಹುದು. ಕಯಾಕ್‌ಗೆ ಅದು ತೊಂದರೆ ಅಲ್ಲ, ಮೋಟರಿಗೆ ತೊಂದರೆ.

ಯಾರಿಗೆ ಯಾರು ದಾರಿ ಬಿಡಬೇಕು? ಜನ ತುಂಬಿದ ದೊಡ್ಡ ದೋಣಿ ಬಂದರೆ ಎಲ್ಲರೂ ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ಸಣ್ಣ ದೋಣಿಗಳ ನಡುವೆ ಮೋಟರ್‌ನವರು ಹುಟ್ಟಿನವರಿಗೂ ಹಾಯಿಯವರಿಗೂ ಬಿಡಬೇಕು, ಹುಟ್ಟಿನವರು ಹಾಯಿಯವರಿಗೆ ಬಿಡಬೇಕು. ನಿಯಮ ನಿಮ್ಮ ಕಡೆ ಇದೆ ಅಂತ ಎದುರು ಬರುವ ಮನೆದೋಣಿಯ ಮುಂದೆ ಕಯಾಕ್ ಅಡ್ಡ ಹಾಕಬೇಡಿ. ಅದನ್ನು ಓಡಿಸುತ್ತಿರುವವರೂ ನಿನ್ನೆ ತಾನೇ ಮೂರು ಗಂಟೆ ಪಾಠ ಕೇಳಿದವರಿರಬಹುದು!

ವೇಗದ ಫಲಕಗಳಲ್ಲಿ ಕೆಂಪು ಅಂಚಿನ ಚೌಕದೊಳಗೆ ಬರೆದಿರುವ ಅಂಕಿ ಗಂಟೆಗೆ ಕಿಲೋಮೀಟರ್. ಆದರೆ ಫಲಕಕ್ಕಿಂತ ನಿಮ್ಮ ಹಿಂದಿನ ಅಲೆ ನೋಡಿ. ದೋಣಿಯ ಹಿಂದೆ ಎದ್ದ ಅಲೆ ದಡಕ್ಕೆ ಬಡಿದು ಜೊಂಡು ಅಲ್ಲಾಡುತ್ತಿದ್ದರೆ ನೀವು ಜೋರಾಗಿ ಹೋಗುತ್ತಿದ್ದೀರಿ ಅಂತಲೇ ಅರ್ಥ. ಆ ಜೊಂಡಿನಲ್ಲಿ ಜುಟ್ಟಿನ ಮುಳುಕ ಹಕ್ಕಿ ಗೂಡು ಕಟ್ಟುತ್ತದೆ. ಗೂಡು ನೆಲದ ಮೇಲಲ್ಲ, ನೀರಿನ ಮೇಲೇ ತೇಲುತ್ತಿರುತ್ತದೆ, ಕೊಳೆತ ಎಲೆ, ಜೊಂಡಿನ ಕಡ್ಡಿ ಸೇರಿಸಿ ಮಾಡಿದ ಒದ್ದೆ ಗುಡ್ಡೆ. ಒಂದು ಜೋರು ಅಲೆ ಸಾಕು, ಮೊಟ್ಟೆ ನೀರಿಗೆ. ಅದಕ್ಕೇ ಜೊಂಡಿನೊಳಗೆ, ನೈದಿಲೆ ಎಲೆಗಳ ನಡುವೆ ದೋಣಿ ನುಗ್ಗಿಸುವುದು, ಲಂಗರು ಹಾಕುವುದು ಬೇಡ. ಸೂರ್ಯ ಮುಳುಗುವ ಹೊತ್ತಿಗೆ ಒಂದು ಕಡೆ ಮೋಟರ್ ಆರಿಸಿ ಸುಮ್ನೆ ಕೂತರೆ ಹಕ್ಕಿಗಳೇ ಹತ್ತಿರ ಬರುತ್ತವೆ. ಮೇಲೆ ಡೇಗೆ ಸುತ್ತುವುದು ಕಾಣಬಹುದು, ಅದೃಷ್ಟ ಇದ್ದರೆ ಬಿಳಿ ಬಾಲದ ಕಡಲ ಹದ್ದೂ ಕಾಣಬಹುದು.

ಈಜುವುದಾದರೆ ಲಾಕ್ ಹತ್ತಿರ, ಸೇತುವೆ ಕೆಳಗೆ, ದೋಣಿ ದಾರಿಯಲ್ಲಿ ಬೇಡವೇ ಬೇಡ. ಮೋಟರ್ ಪೂರ್ತಿ ನಿಂತ ಮೇಲೆ, ಏಣಿ ಇಳಿಬಿಟ್ಟ ಮೇಲೆ ನೀರಿಗಿಳಿಯಿರಿ. ಏಣಿ ಇಳಿಸದೆ ಹಾರಿದರೆ ಮತ್ತೆ ಹತ್ತಲಾಗದೆ ಒದ್ದಾಡಬೇಕಾಗುತ್ತದೆ. ಬೇಸಿಗೆ ಕೊನೆಯಲ್ಲಿ ನೀರು ಹಸಿರು ಬಣ್ಣ ಹಾಕಿದ ಹಾಗೆ ಗಟ್ಟಿಯಾಗಿ ಕಂಡರೆ ಅದು ಪಾಚಿ, ಮಕ್ಕಳನ್ನು, ನಾಯಿಯನ್ನು ಇಳಿಸಬೇಡಿ.

ಲಾಕ್ ದಾಟುವುದು

ಹೊಸಬರ ಎದೆ ಬಡಿದುಕೊಳ್ಳುವುದು ಇಲ್ಲೇ. ವಿಷಯ ಸರಳ. ಎರಡು ಮಟ್ಟದ ನೀರಿನ ನಡುವೆ ಒಂದು ಉದ್ದ ತೊಟ್ಟಿ, ಎರಡೂ ತುದಿಗೆ ಬಾಗಿಲು. ಒಳಗೆ ಹೋಗುತ್ತೀರಿ, ಹಿಂದಿನ ಬಾಗಿಲು ಮುಚ್ಚುತ್ತದೆ, ನೀರು ಏರುತ್ತದೆ ಅಥವಾ ಇಳಿಯುತ್ತದೆ, ಮುಂದಿನ ಬಾಗಿಲು ತೆಗೆಯುತ್ತದೆ. ಈ ಭಾಗದಲ್ಲಿ ಏರಿಳಿತ ಸಾಮಾನ್ಯವಾಗಿ ಒಂದೆರಡು ಮೀಟರ್ ಅಷ್ಟೇ. ತೊಟ್ಟಿಗಳು ಉದ್ದಕ್ಕಿವೆ, ಅಗಲ ಕಡಿಮೆ. ಅದಕ್ಕೆ ಕಾರಣ ಹಳೆಯ ಸರಕು ದೋಣಿಗಳು. ಸುಮಾರು 40 ಮೀಟರ್ ಉದ್ದ, 4.6 ಮೀಟರ್ ಅಗಲದ, ಫಿನೋ ಅನ್ನುವ ಕಾಲುವೆಯ ಅಳತೆಯ ದೋಣಿಗಳಿಗೆ ಹೊಂದುವ ಹಾಗೆ ಕಟ್ಟಿದ್ದು. 1887ರಲ್ಲಿ ಕೆಳಗಿನ ಸೇಡೆನಿಕ್‌ನಲ್ಲಿ ರೈಲು ಹಳಿ ಹಾಕುವಾಗ ಜೇಡಿಮಣ್ಣು ಸಿಕ್ಕಿ, ಸಾಲು ಸಾಲು ಇಟ್ಟಿಗೆ ಭಟ್ಟಿ ಎದ್ದು, ಬರ್ಲಿನ್ ಕಟ್ಟಲು ಇಟ್ಟಿಗೆ ಹೋದದ್ದು ಇದೇ ಹಾಫೆಲ್ ಮೇಲೆ, ಇಂಥ ದೋಣಿಗಳಲ್ಲಿ. ಈಗ ಅದೇ ತೊಟ್ಟಿಯಲ್ಲಿ ಮೂರು ಮನೆದೋಣಿ ಒಂದರ ಹಿಂದೆ ಒಂದು ನಿಲ್ಲುತ್ತವೆ.

ಲಾಕ್ ಹತ್ತಿರ ಬರುತ್ತಿದ್ದಂತೆ ನಿಧಾನಿಸಿ. ಸಾಲಿದ್ದರೆ ಹಿಂದೆ ನಿಲ್ಲಿ. ವಿಹಾರ ದೋಣಿಗಳು ಕಾಯುವ ಜಾಗದಲ್ಲಿ ನೀಲಿ ಫಲಕದ ಮೇಲೆ ಸ್ಪೋರ್ಟ್ ಅಂತ ಬಿಳಿ ಅಕ್ಷರ ಇರುತ್ತದೆ. ಜನರ ದೊಡ್ಡ ದೋಣಿ ಬಂದರೆ ಅದು ಸಾಲು ಬಿಟ್ಟು ಮುಂದೆ ಹೋಗುತ್ತದೆ, ಬೈಯಬೇಡಿ, ಅದು ಅವರ ಹಕ್ಕು. ಸಾಲು ಮುರಿದು ನುಗ್ಗಿದರೆ ಮಾತ್ರ ಇಲ್ಲಿಯ ಜನ ಸುಮ್ಮನಿರುವುದಿಲ್ಲ.

ದೀಪ ಕೆಂಪಿದ್ದರೆ ನಿಲ್ಲಿ. ಕೆಂಪು, ಹಸಿರು ಎರಡೂ ಒಟ್ಟಿಗೆ ಇದ್ದರೆ ತಯಾರಿ ನಡೆಯುತ್ತಿದೆ, ಇನ್ನೂ ನಿಲ್ಲಿ. ಬರೀ ಹಸಿರು ಬಂದರೆ ಹೋಗಿ. ಒಂದರ ಮೇಲೊಂದು ಎರಡು ಕೆಂಪು ಉರಿಯುತ್ತಿದ್ದರೆ ಲಾಕ್ ಕೆಲಸ ಮಾಡುತ್ತಿಲ್ಲ.

ಸೀಸನ್‌ನಲ್ಲಿ ಕೆಲವು ಲಾಕ್‌ಗಳಲ್ಲಿ ಸಿಬ್ಬಂದಿ ಇರುತ್ತಾರೆ, ಹಲವು ಕಡೆ ನೀವೇ ನಡೆಸಬೇಕು. ಕಾಯುವ ಜಾಗದಲ್ಲಿ, ತೊಟ್ಟಿಯ ಒಳಗೆ, ಎರಡು ಬಣ್ಣದ ಹಿಡಿಗಳು ಕಾಣುತ್ತವೆ. ಹಸಿರು ಹಿಡಿ ಲಾಕನ್ನು ಕರೆಯಲು, ಶುರು ಮಾಡಲು. ಕೆಂಪು ಹಿಡಿ ಅಪಾಯದಲ್ಲಿ ನಿಲ್ಲಿಸಲು ಮಾತ್ರ. ಏನಾಗುತ್ತದೋ ನೋಡೋಣ ಅಂತ ಕೆಂಪು ಮುಟ್ಟಿದರೆ ಎಲ್ಲ ನಿಂತುಹೋಗುತ್ತದೆ, ಹಿಂದಿನವರೆಲ್ಲ ನಿಮ್ಮನ್ನೇ ನೋಡುತ್ತಾರೆ. ಆದರೆ ನಿಜವಾಗಿ ಹಗ್ಗ ಸಿಕ್ಕಿಕೊಂಡಿದ್ದರೆ, ಯಾರಾದರೂ ನೀರಿಗೆ ಬಿದ್ದಿದ್ದರೆ, ಒಂದು ಕ್ಷಣವೂ ಯೋಚಿಸದೆ ಎಳೆಯಿರಿ.

ಒಳಗೆ ಹೋಗುವಾಗ ಗೋಡೆಗೆ ಸಮನಾಗಿ, ನಡೆದು ಹೋಗುವಷ್ಟೇ ವೇಗದಲ್ಲಿ. ಫೆಂಡರ್‌ಗಳನ್ನು (ದೋಣಿ ಗೋಡೆಗೆ ಉಜ್ಜದ ಹಾಗೆ ತೂಗುಬಿಡುವ ಮೆತ್ತೆಗಳು) ಮೊದಲೇ ಹೊರಗೆ ಇಳಿಬಿಟ್ಟಿರಬೇಕು. ಮುಂದೆ ಒಬ್ಬರು, ಹಿಂದೆ ಒಬ್ಬರು ಹಗ್ಗ ಹಿಡಿದು ನಿಂತಿರಲಿ. ದೋಣಿ ನಿಂತ ಮೇಲೆ ಮೋಟರ್ ಆರಿಸಿ, ಹೊಗೆ ತೊಟ್ಟಿಯಲ್ಲೇ ಸುತ್ತುತ್ತದೆ. ಈಗ ಮುಖ್ಯ ಮಾತು. ಹಗ್ಗವನ್ನು ಕಟ್ಟಬೇಡಿ. ಗೂಟಕ್ಕೋ ಕಂಬಿಗೋ ಒಂದು ಸುತ್ತು ಹಾಕಿ, ತುದಿ ಕೈಯಲ್ಲೇ ಇರಲಿ. ನೀರು ಇಳಿಯುವಾಗ ಸ್ವಲ್ಪ ಸ್ವಲ್ಪ ಬಿಡುತ್ತಾ ಹೋಗಿ, ಏರುವಾಗ ಸ್ವಲ್ಪ ಸ್ವಲ್ಪ ಎಳೆದುಕೊಳ್ಳಿ. ಗಂಟು ಹಾಕಿದ್ದು ನೀರು ಇಳಿದರೆ ಏನಾಗುತ್ತದೆ? ಟನ್‌ಗಟ್ಟಲೆ ಭಾರದ ದೋಣಿ ಆ ಒಂದು ಹಗ್ಗದಲ್ಲಿ ನೇತಾಡುತ್ತದೆ, ಬಿಗಿದ ಗಂಟು ಆಮೇಲೆ ಯಾರ ಕೈಗೂ ಬಿಚ್ಚುವುದಿಲ್ಲ. ಕೈಗೆ ಹಗ್ಗ ಸುತ್ತಿಕೊಳ್ಳುವುದೂ ಬೇಡ, ಬೆರಳು ಹೋಗುತ್ತದೆ. ದೋಣಿ ಗೋಡೆಗೆ ತಾಗುತ್ತಿದ್ದರೆ ಕಾಲು ಕೊಟ್ಟು ತಡೆಯಬೇಡಿ. ಗೀರಿಗೆ ಇನ್ಶೂರೆನ್ಸ್ ಇದೆ.

ಕೆಳಗಿಳಿಯುವಾಗ ಇನ್ನೊಂದು ಅಪಾಯ. ಮೇಲಿನ ಬಾಗಿಲಿನ ಬುಡದಲ್ಲಿ ಕಾಂಕ್ರೀಟಿನ ಹೊಸ್ತಿಲು ಇರುತ್ತದೆ. ನೀರು ತುಂಬಿದ್ದಾಗ ಕಾಣುವುದಿಲ್ಲ, ಇಳಿದ ಮೇಲೆ ಮೇಲೆದ್ದು ಬರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ದೋಣಿ ವಾಲುತ್ತದೆ. ಗೋಡೆಯ ಮೇಲೆ ಅದು ಎಲ್ಲಿಯ ತನಕ ಇದೆ ಅಂತ ಗೆರೆ ಬರೆದಿರುತ್ತಾರೆ, ಅದರಿಂದ ಮುಂದೆ ನಿಲ್ಲಿ. ಏರುವಾಗ ಮುಂದಿನಿಂದ ನೀರು ನುಗ್ಗುತ್ತದೆ, ಹಾಗಾಗಿ ಮುಂದಿನ ಹಗ್ಗ ಹಿಡಿದವರು ಗಟ್ಟಿಯಾಗಿ ಹಿಡಿದಿರಬೇಕು.

ಕಯಾಕ್‌ನವರು ದೊಡ್ಡ ದೋಣಿಗಳು ಹೋದ ಮೇಲೆ ಕೊನೆಯಲ್ಲಿ ಒಳಗೆ ಹೋಗುವುದು ಕ್ಷೇಮ. ಹಲವು ಲಾಕ್‌ಗಳ ಪಕ್ಕದಲ್ಲಿ ಕಯಾಕ್ ಇಟ್ಟು ತಳ್ಳಿಕೊಂಡು ಹೋಗುವ ಗಾಡಿಗಳೂ ಇವೆ. ಸಾಲು ಉದ್ದ ಇದ್ದ ದಿನ ಅದೇ ಬೇಗ. ಲಾಕ್ ದಾಟಲು ಅಲ್ಲಿ ಯಾರೂ ದುಡ್ಡು ಕೇಳುವುದಿಲ್ಲ.

ಕೆಳಗೆ ಹೋದರೆ

ಫ್ಯೂರ್ಸ್ಟೆನ್‌ಬೆರ್ಗ್ ಲಾಕ್ ಇಳಿದರೆ ಬಾಲೆನ್ ಕೆರೆ, ಆಮೇಲೆ ಶ್ವೇಟ್ ಕೆರೆ. ಶ್ವೇಟ್‌ನ ಆಚೆ ದಡದಲ್ಲಿ ಎತ್ತರದ ಕಂಬದ ಮೇಲೆ ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತಿರುವ ಕಂಚಿನ ಪ್ರತಿಮೆ ಕಾಣುತ್ತದೆ. ಅದು ರಾವೆನ್ಸ್‌ಬ್ರುಕ್. ನಾಜಿಗಳು 1939ರಲ್ಲಿ ಹೆಂಗಸರಿಗಾಗಿಯೇ ಶುರುಮಾಡಿದ ಸೆರೆಶಿಬಿರ. 1945ರ ಏಪ್ರಿಲ್ 30ರಂದು ಸೋವಿಯತ್ ಸೈನ್ಯ ಬಂದು ಬಿಡಿಸುವ ತನಕ ಸುಮಾರು 1,20,000 ಹೆಂಗಸರು, ಮಕ್ಕಳ ಹೆಸರು ಅಲ್ಲಿಯ ದಾಖಲೆ ಸೇರಿತ್ತು. ಸತ್ತವರನ್ನು ಸುಟ್ಟ ಬೂದಿಯನ್ನು ಇದೇ ಕೆರೆಗೆ ಹಾಕಿದ್ದರು. ಆ ದಡದ ಹತ್ತಿರ ಹಾಡು ನಿಲ್ಲಿಸಿ, ವೇಗ ಇಳಿಸಿ, ಅಲ್ಲಿ ನೀರಿಗೆ ಹಾರಬೇಡಿ. ಸಮಯ ಇದ್ದರೆ ಊರಿನಲ್ಲಿ ದೋಣಿ ಕಟ್ಟಿ ನಡೆದು ಹೋಗಿ ನೋಡಿ, ಒಳಗೆ ಹೋಗಲು ಟಿಕೆಟ್ ಇಲ್ಲ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಕಾ ಅನ್ನುವುದು ನಿಮಗೆ ಬಿಟ್ಟದ್ದು.

ಮುಂದೆ ಸಿಗ್ಗೆಲ್‌ಹಾಫೆಲ್ ಅನ್ನುವ ಕಿರಿದಾದ ನದಿ ಭಾಗ ದಾಟಿದರೆ ಶ್ಟೋಲ್ಪ್ ಕೆರೆ. ಇದು ರೋಬ್ಲಿನ್‌ಗಿಂತ ತುಂಬಾ ದೊಡ್ಡದು, ಗಾಳಿ ಬಂದರೆ ಅಲೆಗೆ ಬಿಳಿ ನೊರೆ ಏಳುತ್ತದೆ. ಕಯಾಕ್‌ನವರು ದಡ ಹಿಡಿದೇ ಹೋಗಿ. ಇದರ ಉತ್ತರ ದಡದ ಹತ್ತಿರ ಹಿಮ್ಮೆಲ್‌ಫೋರ್ಟ್ ಹಳ್ಳಿ ಇದೆ. ಅಲ್ಲಿಯ ಹಳೆಯ ಮಠ 1299ರದ್ದು, ಈಗ ಪಾಳು ಗೋಡೆ ಉಳಿದಿದೆ. ಮಕ್ಕಳು ಕ್ರಿಸ್‌ಮಸ್ ತಾತನಿಗೆ ಬರೆಯುವ ಕಾಗದಗಳಿಗೆ ಈ ಹಳ್ಳಿಯ ಅಂಚೆ ಕಚೇರಿಯಿಂದ ಉತ್ತರ ಹೋಗುತ್ತದೆ. ಒಂದೇ ದಿನದ ಬಾಡಿಗೆಯಾದರೆ ಇಲ್ಲಿಯ ತನಕ ಬಂದು ವಾಪಸು ಹೋಗುವುದು ಸುಸ್ತಿನ ಕೆಲಸ. ಲಾಕ್‌ನಲ್ಲಿ ಕಾಯುವ ಹೊತ್ತು ನಿಮ್ಮ ಕೈಯಲ್ಲಿಲ್ಲ.

ಗಾಳ ಹಾಕುವ ಆಸೆ ಇದ್ದರೆ ಯಾವ ರಾಜ್ಯದ ನೀರಿನಲ್ಲಿದ್ದೀರಿ ಅಂತ ಮೊದಲು ನೋಡಿ. ಫ್ಯೂರ್ಸ್ಟೆನ್‌ಬೆರ್ಗ್ ಬ್ರಾಂಡೆನ್‌ಬುರ್ಗ್‌ನಲ್ಲಿದೆ, ಹಾಫೆಲ್ ಮೇಲೆ ಸ್ವಲ್ಪ ದೂರ ಹೋದರೆ ಮೆಕ್ಲೆನ್‌ಬುರ್ಗ್. ಬ್ರಾಂಡೆನ್‌ಬುರ್ಗ್‌ನಲ್ಲಿ ಬೇರೆ ಮೀನನ್ನು ಬೇಟೆಯಾಡಿ ತಿನ್ನದ ಜಾತಿಯ ಮೀನು ಹಿಡಿಯಲು ಪರೀಕ್ಷೆ ಬೇಡ, ಮೀನು ತೆರಿಗೆ ಮತ್ತು ಆ ಕೆರೆಯ ಗಾಳದ ಚೀಟಿ ಇದ್ದರೆ ಸಾಕು. ಮೆಕ್ಲೆನ್‌ಬುರ್ಗ್‌ನಲ್ಲಿ ಪ್ರವಾಸಿಗಳಿಗೆ 28 ದಿನದ ಪರವಾನಗಿ ಕೊಡುತ್ತಾರೆ, ಚೀಟಿ ಅಲ್ಲೂ ಬೇಕು. ಇಷ್ಟೆಲ್ಲ ಯಾಕೆ ಅನ್ನಿಸಿದರೆ ಮೀನುಗಾರರ ಅಂಗಡಿಯಲ್ಲಿ ಹೊಗೆ ಹಾಕಿದ ಮೀನು ಸಿಗುತ್ತದೆ, ಅದನ್ನೇ ಬನ್ ಜೊತೆ ತಿನ್ನಿ.

ಜೆಟ್ಟಿಗೆ ಹಚ್ಚುವುದು, ವಾಪಸು ಕೊಡುವುದು

ದೋಣಿಗೆ ಬ್ರೇಕ್ ಇಲ್ಲ. ನಿಲ್ಲಿಸಬೇಕೆಂದರೆ ರಿವರ್ಸ್ ಹಾಕಬೇಕು, ಹಾಕಿದ ಮೇಲೂ ಸ್ವಲ್ಪ ದೂರ ಹೋಗಿಯೇ ನಿಲ್ಲುತ್ತದೆ. ಜೆಟ್ಟಿಗೆ ಬರುವಾಗ ಗಾಳಿಗೆ ಎದುರಾಗಿ ಬನ್ನಿ, ಗಾಳಿಯೇ ನಿಮ್ಮ ವೇಗ ತಗ್ಗಿಸುತ್ತದೆ. ಸ್ವಲ್ಪ ಓರೆಯಾಗಿ ಮೂತಿ ತಂದು, ಗಾಳಿ ಬರುವ ಕಡೆಯ ಹಗ್ಗವನ್ನು ಮೊದಲು ಕಟ್ಟಿ. ತಿರುಗುವಾಗ ಕಾರಿನ ಹಾಗೆ ಮುಂಭಾಗ ತಿರುಗುವುದಿಲ್ಲ, ಹಿಂಭಾಗ ಹೊರಕ್ಕೆ ಬೀಸುತ್ತದೆ. ಪಕ್ಕದ ದೋಣಿಗೆ ತಾಗುವುದು ಆ ಬೀಸಿನಲ್ಲೇ. ದೋಣಿ ಇನ್ನೂ ಚಲಿಸುತ್ತಿರುವಾಗ ದಡಕ್ಕೆ ಜಿಗಿಯಲು ಯಾರನ್ನೂ ಬಿಡಬೇಡಿ. ಮೊದಲ ಸಲ ಸರಿಹೋಗದಿದ್ದರೆ ಹಿಂದೆ ಸರಿದು, ಒಂದು ಸುತ್ತು ಹೊಡೆದು ಮತ್ತೆ ಬನ್ನಿ. ದಡದಲ್ಲಿ ಕೂತವರು ನೋಡುತ್ತಾರೆ, ನೋಡಲಿ ಬಿಡಿ. ಅವರಿಗೆ ಸಂಜೆಯ ಮನರಂಜನೆ ಅದೇ, ಕೇಳಿದರೆ ಹಗ್ಗ ಹಿಡಿಯಲು ಎದ್ದು ಬರುತ್ತಾರೆ.

ರಾತ್ರಿ ಮರೀನಾದಲ್ಲಿ (ವಿಹಾರ ದೋಣಿಗಳ ತಂಗುದಾಣ) ನಿಲ್ಲುವುದಾದರೆ ಸಾಮಾನ್ಯವಾಗಿ ದೋಣಿಯ ಉದ್ದದ ಮೇಲೆ ಮೀಟರ್ ಲೆಕ್ಕದಲ್ಲಿ ಬಾಡಿಗೆ. ಸಂಜೆ ಐದರ ಹೊತ್ತಿಗೇ ಜಾಗ ತುಂಬುವುದರಿಂದ ಮಧ್ಯಾಹ್ನವೇ ಫೋನ್ ಮಾಡಿ. ಬಾಡಿಗೆ ದೋಣಿಯನ್ನು ಕತ್ತಲಾದ ಮೇಲೆ ಓಡಿಸಲು ಬಿಡುವುದಿಲ್ಲ, ಹಾಗಾಗಿ ಜಾಗ ಹುಡುಕುತ್ತಾ ಅಲೆಯುವ ಹಾಗಿಲ್ಲ. ಶೌಚದ ತೊಟ್ಟಿಯನ್ನು ಕೆರೆಗೆ ಬಿಡುವಂತಿಲ್ಲ, ಮರೀನಾಗಳಲ್ಲಿ ಪಂಪ್ ಹಚ್ಚಿ ಖಾಲಿ ಮಾಡುವ ವ್ಯವಸ್ಥೆ ಇದೆ. ತೊಟ್ಟಿ ತುಂಬಿದೆಯಾ ಅಂತ ಮುಳ್ಳು ನೋಡುತ್ತಿರಿ.

ಕೊನೆಯ ದಿನ ಕೊಟ್ಟ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ತಲುಪುವ ಹಾಗೆ ಹೊರಡಿ, ನಡುವೆ ಲಾಕ್ ಇದ್ದರೆ ಎರಡು ಗಂಟೆ ಮುಂಚೆ. ಇಂಧನ ಎಷ್ಟಿದೆ ಅಂತ ಅವರ ಎದುರಿಗೇ ಓದಿ, ಬೆಳಗಿನ ಫೋಟೋ ತೆರೆದಿಟ್ಟುಕೊಂಡು ದೋಣಿಯ ಸುತ್ತ ಒಟ್ಟಿಗೆ ನಡೆಯಿರಿ. ಡೆಪಾಸಿಟ್ ವಾಪಸು ಬಂತು ಅಂತ ಸಹಿ ಹಾಕುವ ಮುಂಚೆ ದುಡ್ಡು ಎಣಿಸಿಕೊಳ್ಳಿ. ಖಾಲಿ ಬಾಟಲಿಗಳನ್ನು ದೋಣಿಯಲ್ಲೇ ಬಿಡಬೇಡಿ, ಒಂದೇ ಸಲ ಬಳಸುವ ಪ್ಲಾಸ್ಟಿಕ್ಕಿನದು ಒಂದಕ್ಕೆ 25 ಸೆಂಟ್ ವಾಪಸು ಬರುತ್ತದೆ, ರೈಲ್ವೆ ನಿಲ್ದಾಣಕ್ಕೆ ಹೋಗುವ ಮುಂಚೆ ಸೂಪರ್‌ಮಾರ್ಕೆಟ್‌ನಲ್ಲಿ ಮುಗಿಸಿಬಿಡಬಹುದಾದ ಕೆಲಸ.